ಸೊನ್ನೆ ನಿಮಿಷದ ಲೇನ್

ಕೊರಿಯರ್ ವ್ಯಾನ್ ಹೆಬ್ಬಾಳದ ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡರೂ ಟಿಜಿಎಫ್-ಬೀಟಾ 1ಕ್ಕೆ (ಕೋಶಗಳಿಗೆ ಸಂಕೇತ ಕೊಡುವ ಬೆಳವಣಿಗೆ ಅಂಶ, ಒಂದು ಪ್ರೋಟೀನು) ಏನೂ ಆಗುವುದಿಲ್ಲ, ಒಣಪುಡಿಯಾಗಿ ಬರುತ್ತದಲ್ಲ. ಕೆಡುವುದು ಲ್ಯಾಬ್‌ಗೆ ಬಂದಮೇಲೆ, ಕರಗಿಸುವಾಗ. ವಯಲ್‌ನಲ್ಲಿರುವ 10 ಮೈಕ್ರೋಗ್ರಾಂ ಕಣ್ಣಿಗೇ ಕಾಣದು. ಮುಚ್ಚಳ ತೆಗೆಯುವ ಮುಂಚೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತಳಕ್ಕೆ ಇಳಿಸಿಕೊಳ್ಳಬೇಕು. ಬರೀ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ಸುರಿದರೆ ಪ್ರೋಟೀನು ಟ್ಯೂಬಿನ ಗೋಡೆಗೆ ಅಂಟಿ ಕೂರುತ್ತದೆ. ನಾವು ಹಾಕುವುದು 500 ಮೈಕ್ರೋಲೀಟರ್ 4 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ, ಅದರಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂ ಬಿಎಸ್‌ಎ (ಹಸುವಿನ ಆಲ್ಬುಮಿನ್, ಗೋಡೆಗೆ ಅದೇ ಅಂಟಿಕೊಳ್ಳಲಿ ಎಂದು).

ಆಮ್ಲವನ್ನು ಅದು ತಡೆದುಕೊಳ್ಳುವುದು ತನ್ನ ಕಟ್ಟೋಣದ ಬಲದಿಂದ. ತಲಾ 112 ಅಮೈನೋ ಆಮ್ಲಗಳ ಎರಡು ಸರಪಳಿ, ಒಂದೊಂದರಲ್ಲೂ 9 ಸಿಸ್ಟೀನ್. ಎಂಟು ತಮ್ಮೊಳಗೇ ಜೋಡಿಯಾಗುತ್ತವೆ. ಉಳಿದ ಒಂದು ಪಕ್ಕದ ಸರಪಳಿಯ ಕೈ ಹಿಡಿಯುತ್ತದೆ. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ 25 ಕಿಲೋಡಾಲ್ಟನ್ ಹತ್ತಿರ ಕಾಣುವ ಬ್ಯಾಂಡ್, ಈ ಜೋಡಿಬಂಧ ಮುರಿಯುವ ಡಿಟಿಟಿ ಹಾಕಿದರೆ 12.5ಕ್ಕೆ ಇಳಿಯುತ್ತದೆ. ಹಾಗೆ ಬಿಡಿಸಿದ ಮೇಲೆ ಸಂಕೇತದ ಕೆಲಸ ಮುಗಿಯಿತು.

ಕೋಶ ಮೊದಲು ಕಟ್ಟುವುದು 390 ಅಮೈನೋ ಆಮ್ಲಗಳ ದೊಡ್ಡ ಸರಪಳಿಯನ್ನು. ಫ್ಯೂರಿನ್ ಕಿಣ್ವ ಕತ್ತರಿಸಿದರೂ ಕತ್ತರಿಸಿದ ತುಂಡು ಬಿಟ್ಟುಹೋಗದೆ ಡೈಮರ್ ಅನ್ನು (ಆ ಜೋಡಿ ಸರಪಳಿಯನ್ನು) ಸುತ್ತಿಕೊಂಡೇ ಇರುತ್ತದೆ. ಕೋಶದ ಮೇಲ್ಮೈಯ ಇಂಟೆಗ್ರಿನ್ ಪ್ರೋಟೀನು ಎಳೆದಾಗಲೋ, ಆಮ್ಲ ತಗುಲಿದಾಗಲೋ ಬಿಡುತ್ತದೆ. ಕೋಶಗಳನ್ನು ಬೆಳೆಸಲು ಹಾಕುವ ಸೀರಂನಲ್ಲೂ (ರಕ್ತದ ದ್ರವಭಾಗ) ಈ ಮುಚ್ಚಿದ ರೂಪ ಸಾಕಷ್ಟಿರುವುದರಿಂದಲೇ ಹಾಕ್ಯಾಟ್ ಕೋಶಗಳನ್ನು (ಲ್ಯಾಬ್‌ನಲ್ಲಿ ಬೆಳೆಸುವ ಮನುಷ್ಯ ಚರ್ಮದ ಕೋಶ) ಹಿಂದಿನ ಸಂಜೆಯಿಂದ ಸೀರಂ ಇಲ್ಲದೆ ಉಪವಾಸ ಕೆಡವುವುದು.

ಸಂಕೇತ ಕೋಶದೊಳಗೆ ಎಷ್ಟು ನಿಮಿಷಕ್ಕೆ ತಲುಪುತ್ತದೆ ಎಂದು ನೋಡುವುದೇ ಪ್ರಯೋಗ. ಡೋಸು 5 ನ್ಯಾನೋಗ್ರಾಂ/ಮಿಲಿಲೀಟರ್. ಪ್ಲೇಟಿನ 2 ಮಿಲಿಲೀಟರ್ ಬಾವಿಗೆ (ಕೋಶ ಬೆಳೆಯುವ ಗುಳಿ) ಸ್ಟಾಕ್‌ನಿಂದ (ಮೊದಲು ಕರಗಿಸಿಟ್ಟ ದ್ರಾವಣ) ಅರ್ಧ ಮೈಕ್ರೋಲೀಟರ್ ಎಳೆಯಬೇಕಾಗುತ್ತದೆ, ಅದು ಪಿಪೆಟ್ ಮೇಲಿನ ಅತಿ ವಿಶ್ವಾಸ. 20 ಪಟ್ಟು ತೆಳು ಮಾಡಿಕೊಂಡು 10 ಮೈಕ್ರೋಲೀಟರ್ ಹಾಕಿ. 120 ನಿಮಿಷದ ಬಾವಿಗೆ ಮೊದಲು, ಆಮೇಲೆ 60, 30, 15. ಎಲ್ಲವನ್ನೂ ಒಟ್ಟಿಗೇ ಮಂಜುಗಡ್ಡೆಯ ಮೇಲೆ ಇಳಿಸಬಹುದು. ಸೊನ್ನೆ ನಿಮಿಷದ ಬಾವಿಗೆ ಬರೀ ಆಮ್ಲ-ಬಿಎಸ್‌ಎ. ಡಿಸೆಂಬರಿನಲ್ಲಿ ಬೆಂಗಳೂರಿನ ಬೆಂಚು ತಣ್ಣಗಿರುತ್ತದೆ. ಪ್ಲೇಟ್ ಹೊರಗಿಟ್ಟು ಹರಟುತ್ತ ನಿಂತರೆ 15 ನಿಮಿಷದ ಲೇನ್ (ಜೆಲ್‌ನಲ್ಲಿ ಆ ಬಾವಿಯ ಸಾಲು) ಮಂಕಾಗುತ್ತದೆ.

ಒಳಗೆ ನಡೆಯುವುದು ಇಷ್ಟು: ಡೈಮರ್ ಮೊದಲು ಕೋಶದ ಮೇಲಿನ ಟೈಪ್ 2 ರಿಸೆಪ್ಟರ್‌ಗಳನ್ನು (ಸಂಕೇತ ಹಿಡಿಯುವ ಪ್ರೋಟೀನುಗಳು) ಹಿಡಿಯುತ್ತದೆ, ಆಮೇಲೆ ಟೈಪ್ 1 ಬಂದು ಸೇರುತ್ತವೆ, ಎರಡೆರಡು. ಟೈಪ್ 2 ಟೈಪ್ 1ಕ್ಕೆ ಫಾಸ್ಫೇಟ್ ಕೊಡುತ್ತದೆ, ಟೈಪ್ 1 ಕೋಶದೊಳಗಿನ ಸಂದೇಶವಾಹಕ ಪ್ರೋಟೀನು ಸ್ಮ್ಯಾಡ್ 2ರ ಬಾಲದ ಎರಡು ಸೆರೀನ್‌ಗಳಿಗೆ. ಫಾಸ್ಫೇಟ್ ಹೊತ್ತ ಸ್ಮ್ಯಾಡ್ 2 ಸ್ಮ್ಯಾಡ್ 4ರ ಜತೆಗೂಡಿ ನ್ಯೂಕ್ಲಿಯಸ್ಸಿಗೆ ಹೋಗುತ್ತದೆ. ಅದನ್ನು ಆಂಟಿಬಾಡಿಯಿಂದ ಗುರುತಿಸುವ ಬ್ಲಾಟ್‌ನಲ್ಲಿ 30ರಿಂದ 60 ನಿಮಿಷಕ್ಕೆ ಬ್ಯಾಂಡ್ ದಟ್ಟ. ಕೋಶ ಒಡೆಯುವ ಲೈಸಿಸ್ ಬಫರ್‌ನಲ್ಲಿ ಫಾಸ್ಫಟೇಸ್ ಇನ್‌ಹಿಬಿಟರ್ (ಫಾಸ್ಫೇಟ್ ಕಿತ್ತುಹಾಕುವ ಕಿಣ್ವಗಳಿಗೆ ತಡೆ) ಮರೆತರೆ ಅದೂ ಇಲ್ಲ. ಆಂಟಿಬಾಡಿ ಕಂಡಕಂಡಲ್ಲಿ ಅಂಟದಂತೆ ಬ್ಲಾಕ್ ಮಾಡಲು ಹಾಲಿನ ಪುಡಿ ಬೇಡ, ಅದರ ಕೇಸೀನ್ ತಾನೇ ಫಾಸ್ಫೇಟ್ ಹೊತ್ತ ಪ್ರೋಟೀನು. 5% ಬಿಎಸ್‌ಎ ಸಾಕು.

"ಮೇಡಂ, ಸೊನ್ನೆಯಲ್ಲೂ ಬ್ಯಾಂಡ್ ಇದೆ" ಎಂದು ಹೊಸಬರು ಬಂದು ನಿಲ್ಲುವುದು ಇಲ್ಲೇ. ಅದಕ್ಕೇ ಒಂದು ಬಾವಿಗೆ ಅರ್ಧ ಗಂಟೆ ಮುಂಚೆ 10 ಮೈಕ್ರೋಮೋಲಾರ್ ಎಸ್‌ಬಿ-431542 ಹಾಕಿ, ಬೆಳವಣಿಗೆ ಅಂಶ ಕೊಡದೆ ಇಡುತ್ತೇವೆ. ಅದು ಟೈಪ್ 1 ರಿಸೆಪ್ಟರಿನ ಕೈ ಕಟ್ಟುತ್ತದೆ. ಬ್ಯಾಂಡ್ ಮಾಯವಾದರೆ ಸಂಕೇತ ನಿಜ: ಕೋಶಗಳು ತಾವೇ ಬಿಟ್ಟದ್ದು, ಇಲ್ಲವೇ ತೊಳೆಯದೆ ಉಳಿದ ಸೀರಂನದು. ಮಾಯವಾಗದಿದ್ದರೆ ಕೋಶಗಳನ್ನು ಬಿಟ್ಟು ಆಂಟಿಬಾಡಿಯನ್ನು ವಿಚಾರಿಸಿಕೊಳ್ಳಿ.