ಬಿಚ್ಚೋಕೇ ಆಗ್ಬಾರ್ದು, ಅಷ್ಟು ಬಿಗಿ

“ಎಷ್ಟು ಬಿಗಿ ಮಾಡಿದ್ಯಪ್ಪಾ?”

“ಇನ್ನು ಬಿಚ್ಚೋಕೇ ಆಗ್ಬಾರ್ದು ಸಾರ್, ಅಷ್ಟು.”

ಈ ವಾರ ಟೈರ್ ಅಂಗಡಿಯೊಂದರ ಮುಂದೆ ಕಿವಿಗೆ ಬಿದ್ದ ಮಾತು ಇಷ್ಟೇ. ಹುಡುಗ ಏರ್ ಗನ್ನಿನಲ್ಲಿ ಒಂದೊಂದು ನಟ್ಟನ್ನೂ ಗರ್ರನೆ ಕೂರಿಸಿ, ಅದೂ ಸಾಲದೆಂದು ವೀಲ್ ಪಾನದ ಮೇಲೆ ಹತ್ತಿ ಎರಡು ಸಲ ಜಿಗಿದಿದ್ದ. ಕಾರಿನವರು ಸಮಾಧಾನದಿಂದ ತಲೆಯಾಡಿಸಿದರು. ಹುಡುಗ ಸೋಮಾರಿಯಲ್ಲ, ಮೈಮುರಿದು ದುಡಿಯುವವನು. ಅಳತೆ ಹೇಳಿಕೊಡದೆ ಗನ್ ಕೈಗೆ ಕೊಟ್ಟವರದ್ದೇ ತಪ್ಪು.

ಬಿಚ್ಚೋಕೇ ಆಗಬಾರದು ಎಂದರೆ ಹೇಗೆ? ನಡುರಾತ್ರಿ ಪಂಕ್ಚರ್ ಆದಾಗ ಕೈಲಿರುವುದು ಕಾರಿನ ಜೊತೆ ಬಂದ ಗಿಡ್ಡ ಪಾನ ಮಾತ್ರ. ಅದರಿಂದಲೇ ನಟ್ ಬಿಚ್ಚಬೇಕು.

ಹೆಚ್ಚಿನವರು ಚಕ್ರದ ಮೇಲಿನ ಭಾರವನ್ನು, ನಟ್ ಕೂರುವ ಬೋಲ್ಟಿನಂಥ ಕಡ್ಡಿಗಳಾದ ಸ್ಟಡ್‌ಗಳೇ ಹೊರುತ್ತವೆ ಎಂದುಕೊಂಡಿದ್ದಾರೆ. ಹಾಗಲ್ಲ. ನಟ್ ಬಿಗಿದಾಗ ಸ್ಟಡ್ ಕೂದಲೆಳೆಯಷ್ಟು ಹಿಗ್ಗುತ್ತದೆ, ಸ್ಪ್ರಿಂಗ್‌ನಂತೆ ಹಿಂದಕ್ಕೆ ಎಳೆಯುತ್ತದೆ. ಆ ಎಳೆತಕ್ಕೆ ಚಕ್ರ ತಾನು ಕೂರುವ ಹಬ್‌ಗೆ ಒತ್ತಿಕೊಳ್ಳುತ್ತದೆ. ಅವೆರಡರ ನಡುವಿನ ಘರ್ಷಣೆಯೇ ಭಾರ ತಡೆಯುವುದು. ಸಡಿಲವಿದ್ದರೆ ಚಕ್ರ ಒಳಗೊಳಗೇ ಜರುಗಿ ರಿಮ್‌ನ ತೂತು ಅಂಡಾಕಾರವಾಗುತ್ತದೆ, ಸ್ಟಡ್ ಬಾಗಿ ಬಾಗಿ ದಣಿದು ತುಂಡಾಗುತ್ತದೆ. ಮಿತಿ ಮೀರಿ ಬಿಗಿದರೆ ಸ್ಟಡ್ ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿಯುತ್ತದೆ, ಮರಳಿ ಬರುವುದಿಲ್ಲ. ಮುಂದೆ ಅದೂ ಮುರಿಯುವುದೇ. ನಟ್‌ಗಳು ಒಂದೊಂದು ಒಂದೊಂದು ಬಿಗಿಯಲ್ಲಿದ್ದರೆ ಬ್ರೇಕ್ ಡಿಸ್ಕ್ ಸೊಟ್ಟಗಾಗಿ, ಬ್ರೇಕ್ ಒತ್ತಿದಾಗ ಪೆಡಲ್ ಅದುರಬಹುದು.

ಹಾಗಾದರೆ ಎಷ್ಟು? ಕಾರಿನ ಮ್ಯಾನುಯಲ್‌ನಲ್ಲಿರುವ ಅಂಕಿಯೇ ಕೊನೆಯ ಮಾತು. 12 ಮಿ.ಮೀ. ಸ್ಟಡ್ ಇರುವ ಸಣ್ಣ, ಮಧ್ಯಮ ಕಾರುಗಳಲ್ಲಿ ಅದು ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್ (ತಿರುಚುವ ಬಲದ ಅಂದರೆ ಟಾರ್ಕ್‌ನ ಅಳತೆ) ಒಳಗಿರುತ್ತದೆ, 14 ಮಿ.ಮೀ. ಸ್ಟಡ್‌ಗೆ ಇನ್ನೂ ಹೆಚ್ಚು. ಪಾನದ ಹಿಡಿ 30 ಸೆಂ.ಮೀ. ಇದ್ದರೆ ಅದರ ತುದಿಯಲ್ಲಿ ಸುಮಾರು 34 ಕಿಲೋ ಭಾರ ಬಿದ್ದರೆ 100 ನ್ಯೂಟನ್ ಮೀಟರ್ ಆಯಿತು. ಅದೇ ತುದಿಯ ಮೇಲೆ 60 ಕಿಲೋದವರು ಸುಮ್ಮನೆ ನಿಂತರೂ 175 ದಾಟುತ್ತದೆ. ಆ ಹುಡುಗ ಜಿಗಿದಿದ್ದ.

ಥ್ರೆಡ್‌ಗೆ ಎಣ್ಣೆ, ಗ್ರೀಸ್ ಹಚ್ಚುವವರು ಇಲ್ಲಿ ಎಚ್ಚರವಾಗಿರಬೇಕು. ಹಾಕಿದ ಬಲದಲ್ಲಿ ಸ್ಟಡ್ ಹಿಗ್ಗಿಸಲು ಸಿಗುವುದು ಸುಮಾರು ಹತ್ತರಲ್ಲೊಂದು ಪಾಲು. ಮಿಕ್ಕಿದ್ದೆಲ್ಲ ಥ್ರೆಡ್‌ನಲ್ಲೂ ನಟ್ ಕೂರುವ ಜಾಗದಲ್ಲೂ ಘರ್ಷಣೆಗೇ ಹೋಗುತ್ತದೆ. ಎಣ್ಣೆ ಆ ಘರ್ಷಣೆ ಇಳಿಸಿದರೆ ಬಿಗಿ ಅಳೆಯುವ ಪಾನ, ಅಂದರೆ ಟಾರ್ಕ್ ರೆಂಚ್, 100 ಎಂದೇ ತೋರಿಸುತ್ತಿರುತ್ತದೆ, ಸ್ಟಡ್ ಮೇಲಿನ ಎಳೆತ ಮಾತ್ರ ಎಷ್ಟೋ ಹೆಚ್ಚಿರುತ್ತದೆ. ಮ್ಯಾನುಯಲ್ ಬೇರೆ ಹೇಳದಿದ್ದರೆ ವೈರ್ ಬ್ರಷ್‌ನಲ್ಲಿ ತುಕ್ಕು ಉಜ್ಜಿ, ಒಣಗಿದ ಥ್ರೆಡ್ಡಿಗೇ ನಟ್ ಹಾಕಿ. ಹಬ್‌ನ ಮುಖವನ್ನೂ ಉಜ್ಜಿ. ಅಲ್ಲಿ ತುಕ್ಕಿನ ಪುಡಿ ಸಿಕ್ಕಿಕೊಂಡು ಆಮೇಲೆ ಉದುರಿದರೆ ಸರಿಯಾಗಿ ಬಿಗಿದ ನಟ್ಟೂ ಸಡಿಲವಾಗುತ್ತದೆ.

ನಟ್‌ಗಳನ್ನು ಮೊದಲು ಬೆರಳಲ್ಲೇ ತಿರುಗಿಸಿ. ಅಡ್ಡ ಥ್ರೆಡ್ ಹತ್ತಿದರೆ ಬೆರಳಿಗೆ ಗೊತ್ತಾಗುತ್ತದೆ, ಗನ್ನಿಗೆ ಗೊತ್ತಾಗುವುದಿಲ್ಲ. ಕೋನ್ ಆಕಾರದ ನಟ್ಟಿನ ಚೂಪು ಭಾಗ ರಿಮ್ ಕಡೆಗಿರಲಿ. ಜಾಕ್ ಮೇಲಿರುವಾಗಲೇ ಪಾನದಿಂದ ಹದವಾಗಿ ಕೂರಿಸಿ, ಟೈರ್ ನೆಲಕ್ಕೆ ತಾಗಿದ ಮೇಲೆ ಟಾರ್ಕ್ ರೆಂಚ್ ಹಿಡಿಯಿರಿ. ಪಕ್ಕಪಕ್ಕದ್ದು ಬೇಡ, ಎದುರೆದುರಿನ ನಟ್‌ಗಳನ್ನು ನಕ್ಷತ್ರ ಬರೆದ ಹಾಗೆ ಬಿಗಿಯಬೇಕು: ಮೊದಲ ಸುತ್ತು ಅರ್ಧ ಬಲ, ಎರಡನೆಯದು ಪೂರ್ತಿ. ಗೊತ್ತುಮಾಡಿದ ಬಿಗಿ ಬಂದು ರೆಂಚ್ ‘ಟಕ್’ ಎಂದ ಕೂಡಲೇ ನಿಲ್ಲಿಸಿ. ಭದ್ರವಾಗಲಿ ಎಂದು ಮತ್ತೆ ಮತ್ತೆ ಟಕ್ ಅನ್ನಿಸುವವರು ಪ್ರತಿ ಸಲವೂ ಸ್ವಲ್ಪ ಜಾಸ್ತಿ ಬಿಗಿಯುತ್ತಿರುತ್ತಾರೆ. ಆ ರೆಂಚಿನಲ್ಲಿ ನಟ್ ಬಿಚ್ಚಬೇಡಿ, ಅಳತೆ ಕೆಡುತ್ತದೆ.

50ರಿಂದ 100 ಕಿ.ಮೀ. ಓಡಿಸಿದ ಮೇಲೆ, ಚಕ್ರ ತಣ್ಣಗಿರುವಾಗ ಇನ್ನೊಮ್ಮೆ ನೋಡಬೇಕು. ಅಲಾಯ್ ಚಕ್ರವಾದರೆ ಮರೆಯಲೇಬಾರದು. ಬಣ್ಣ, ತುಕ್ಕು, ಲೋಹ ಎಲ್ಲವೂ ಒತ್ತಡಕ್ಕೆ ತುಸು ಕೂತುಕೊಳ್ಳುತ್ತವೆ.

ಬಿಚ್ಚೋಕೇ ಆಗ್ಬಾರ್ದು ಎಂಬ ಮಾತು ಕೇಳಿ ನಿಶ್ಚಿಂತೆಯಿಂದ ಹೊರಟುಹೋದ ಆ ಕಾರಿನವರಿಗೆ ಈ 50 ಕಿ.ಮೀ.ನ ಮಾತನ್ನು ಅಲ್ಲಿ ಯಾರೂ ಹೇಳಲಿಲ್ಲ.