ನನ್ನ ರೈಫಲ್ ಹುಡುಕಾಟ: ಆರನೇ ವಾರ

ಸಿರ್ಸಿಯ ಅಜ್ಜನ ಮನೆಯಲ್ಲಿ ಗೋಡೆಗೆ ಕೋವಿ ನೇತಾಡುತ್ತಿತ್ತು. ಅಜ್ಜ ಕಡವೆಗೆ ಈಡು ಹೊಡೆದ ಕಥೆ ಕೇಳುತ್ತಲೇ ಬೆಳೆದವನು ನಾನು. ಈಗ ಜಿಂಕೆ, ಕಡವೆ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದು ಹಾಗೇ ಇರಬೇಕು. ನನಗೆ ಬೇಕಿರುವುದು ಗುರಿ ಹಿಡಿಯುವ ಖುಷಿ. ಅದಕ್ಕೇ ಪುಣೆಯ ಬಾಲೇವಾಡಿ ಹತ್ತಿರದ ಶೂಟಿಂಗ್ ರೇಂಜ್‌ಗೆ ಸೇರಿಕೊಂಡೆ, ಏರ್ ರೈಫಲ್ (ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಕೋವಿ) ಹುಡುಕತೊಡಗಿದೆ.

ಮೊದಲೆರಡು ವಾರ ಕ್ಯಾಲಿಬರ್‌ನದೇ, ಅಂದರೆ ನಳಿಗೆಯ ಒಳ ಅಗಲದ್ದೇ ಚರ್ಚೆ. ಅಮೆರಿಕದಲ್ಲಿರುವ ಭಾವ ಜಿಂಕೆ ಬೇಟೆಗೆ .308 ಬಳಸುತ್ತಾರೆ. "ಸಣ್ಣ .177 ಯಾಕೆ? .22 ತಗೊಳ್ಳೋ ಮಾರಾಯ. ಕುಸಾಳೆ ಪದಕ ಗೆದ್ದದ್ದು ಅದರಲ್ಲೇ ಅಲ್ವಾ?" ಅಂದರು. ನಿಜ, ಬಾಲೇವಾಡಿಯಲ್ಲೇ ಅಭ್ಯಾಸ ಮಾಡಿದ ಶೂಟರ್ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು .22ರಲ್ಲೇ. ಆದರೆ ಅದು 50 ಮೀಟರ್ ಸ್ಪರ್ಧೆ, ಮದ್ದು ತುಂಬಿದ ತೋಟಾದ್ದು. ಜಿಂಕೆ ನರಳದೆ ಬೀಳಲೆಂದು ಭಾವ ಬಳಸುವ .308ರ ಗುಂಡಿಗೆ 3,000 ಜೂಲ್‌ಗೂ ಜಾಸ್ತಿ ಶಕ್ತಿ ಇರುತ್ತದೆ. ನನ್ನ ಎದುರಿಗಿರುವುದು 10 ಮೀಟರ್ ದೂರದ ಕಾಗದ. ಅರ್ಧ ಗ್ರಾಂನ ಪೆಲೆಟ್ (ಏರ್ ರೈಫಲ್‌ನ ಪುಟ್ಟ ಗುಂಡು), ಏಳೆಂಟು ಜೂಲ್ ಸಾಕು. ಈ ಸ್ಪರ್ಧೆಗೆ .177, ಅಂದರೆ 4.5 ಮಿ.ಮೀ. ಮಾತ್ರ ನಡೆಯುತ್ತದೆ. 20 ಜೂಲ್ ಒಳಗಿನ .177ಗೆ ಲೈಸೆನ್ಸ್ ಕೂಡ ಬೇಡ, .22 ಏರ್ ರೈಫಲ್‌ಗೆ ಬೇಕು. ಅಲ್ಲಿಗೆ ಚರ್ಚೆ ಮುಗಿಯಿತು.

ಮೂರನೇ ವಾರ ಪೆಲೆಟ್ ನೋಡಿದೆ. ಚೂಪು ತಲೆಯದು ಕಾಗದದ ಅಂಚು ಹರಿಯುತ್ತದೆ. ಚಪ್ಪಟೆ ತಲೆಯದು ಪಂಚಿಂಗ್ ಮಷಿನ್‌ನಲ್ಲಿ ಒತ್ತಿದ ಹಾಗೆ ದುಂಡನೆ ತೂತು ಮಾಡುತ್ತದೆ. ಹತ್ತು ಅಂಕದ ಚುಕ್ಕೆ ಬರೀ 0.5 ಮಿ.ಮೀ. ಅಂಚು ಹರಿದರೆ ಅಂಕ ಹೇಗೆ ಓದುವುದು?

ಆಮೇಲೆ ರೈಫಲ್. ಸ್ಪ್ರಿಂಗ್‌ನದು ಅಗ್ಗ, ಆದರೆ ಹೊಡೆದಾಗ ಪೆಲೆಟ್ ನಳಿಗೆ ದಾಟುವ ಮೊದಲೇ ರೈಫಲ್‌ನ ಮೈಯೆಲ್ಲ ಅದುರುತ್ತದೆ. ಸಿಲಿಂಡರ್‌ನಲ್ಲಿ 200 ಬಾರ್ ಗಾಳಿ ತುಂಬುವ ರೈಫಲ್ ಅಲುಗುವುದೇ ಇಲ್ಲ ಅನ್ನಬಹುದು. ಹೊಸದರ ಬೆಲೆ ನನಗೆ ಜಾಸ್ತಿಯಾಯಿತು, ಸೆಕೆಂಡ್ ಹ್ಯಾಂಡ್ ಹುಡುಕಿದೆ. ಒಬ್ಬರು ತೋರಿಸಿದ್ದು ಕನ್ನಡಿಯಂತೆ ಹೊಳೆಯುತ್ತಿತ್ತು. ಸಿಲಿಂಡರ್ ತಿರುಗಿಸಿದೆ, ಕೊರೆದಿದ್ದ ವರ್ಷ 2012. ಹತ್ತು ವರ್ಷ ದಾಟಿದ ಸಿಲಿಂಡರ್ ಸ್ಪರ್ಧೆಗೆ ನಡೆಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಅದನ್ನೇ ನೋಡಿ.

ಈ ವಾರ ರೇಂಜ್‌ನ ಹಿರಿಯರೊಬ್ಬರು ಹಿಡಿದು ನೋಡು ಅಂತ ತಮ್ಮ ಹಳೇ ರೈಫಲ್ ಕೊಟ್ಟರು. ಕೋಚ್ ಭುಜಕ್ಕೆ ಒರಗುವ ಹಿಂಭಾಗವನ್ನು (ಬಟ್) ಎರಡು ಬೆರಳು ಗಿಡ್ಡ ಮಾಡಿದರು, ಕೆನ್ನೆ ಒರಗುವ ತುಂಡನ್ನು ಸ್ವಲ್ಪ ಎತ್ತಿದರು. "ಕಣ್ಣು ಮುಚ್ಚಿ ಎತ್ತು, ಆಮೇಲೆ ತೆರೆ" ಅಂದರು. ತೆರೆದೆ. ಕತ್ತು ಕೊಂಕಿಸದೆಯೇ ಗುರಿಯ ಕಪ್ಪು ವೃತ್ತ ರೈಫಲ್‌ನ ಗುರಿನೋಟದ (ಸೈಟ್) ನಡುವೆ ಕೂತಿತ್ತು! ಮೊದಲು ಹತ್ತು ಈಡಿಗೆ 91.4 ಅಂಕ ಬರುತ್ತಿತ್ತು, ಅವತ್ತು 96.2. ಕ್ಯಾಲಿಬರ್‌ಗೆ ಎರಡು ವಾರ ಕೊಟ್ಟೆ, ಈ ಅಳತೆಗೆ ಮೊದಲ ದಿನವೇ ಗಮನ ಕೊಡಬೇಕಿತ್ತು.

ಈ ರೈಫಲ್‌ನ ಸಿಲಿಂಡರ್ 2021ರದು. ಶನಿವಾರ ಹಣ ಕೊಟ್ಟು ತರುತ್ತೇನೆ.