‘ಆ ಸಂಘಟನೆಯನ್ನು ಇನ್ನೂ ಯಾಕೆ ಬ್ಯಾನ್ ಮಾಡಿಲ್ಲ?’

ಎಲ್ಲಾದರೂ ಕೊಲೆಯೋ ಗಲಭೆಯೋ ಆದ ಮರುದಿನವೇ ಈ ಪ್ರಶ್ನೆ ಬರುತ್ತದೆ. ಕೇಳುವವರು ಎಲ್ಲ ಪಕ್ಷದವರೂ ಹೌದು, ಸಂಘಟನೆಯ ಹೆಸರಷ್ಟೇ ಬೇರೆ.

ಮೊದಲಿಗೆ, 1967ರ ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯ್ದೆಯಡಿ ನಿಷೇಧಿಸುವ ಅಧಿಕಾರ ಕೇಂದ್ರ ಸರ್ಕಾರದ್ದು, ವಿಧಾನಸೌಧದ್ದಲ್ಲ. 2023ರ ಚುನಾವಣೆಯಲ್ಲಿ ಕಾಂಗ್ರೆಸ್ ಪ್ರಣಾಳಿಕೆ ಬಜರಂಗದಳ ಮತ್ತು ಪಿಎಫ್‌ಐ (ಪಾಪ್ಯುಲರ್ ಫ್ರಂಟ್ ಆಫ್ ಇಂಡಿಯಾ) ಹೆಸರೆತ್ತಿ ನಿಷೇಧದ ಮಾತಾಡಿದಾಗಲೂ ಕಾನೂನು ಹೀಗೇ ಇತ್ತು. ಪಿಎಫ್‌ಐ ಅಷ್ಟರಲ್ಲಾಗಲೇ ನಿಷೇಧವಾಗಿತ್ತು. ರಾಜ್ಯದ ಕೈಲಾಗುವುದು ಎಫ್‌ಐಆರ್, ಆರೋಪಪಟ್ಟಿ, ಹಣದ ಜಾಡು ಎಲ್ಲವನ್ನೂ ಜೋಡಿಸಿ ದೆಹಲಿಗೆ ಶಿಫಾರಸು ಕಳಿಸುವುದು.

ಯಾವಾಗ ನಿಷೇಧಿಸಬೇಕು? ಸಂಘಟನೆಯ ನಾಲ್ಕು ಜನ ಅಪರಾಧ ಮಾಡಿದರೆ ಆ ನಾಲ್ವರ ಮೇಲೆ ಕೇಸು ಹಾಕಿದರೆ ಸಾಕು. ಸಂಘಟನೆಯೇ ಹಿಂಸೆಗೆ ಹಣ, ತರಬೇತಿ, ಅಪ್ಪಣೆ ಕೊಡುತ್ತಿದ್ದರೆ, ಹತ್ತು ಜನ ಜೈಲಿಗೆ ಹೋದ ಮೇಲೂ ಅದೇ ಕಚೇರಿ, ಅದೇ ಬ್ಯಾಂಕ್ ಖಾತೆಯಿಂದ ಇನ್ನು ಹತ್ತು ಜನ ತಯಾರಾಗುತ್ತಿದ್ದರೆ ಆಗ ನಿಷೇಧ ಬೇಕು. ಅದನ್ನು ನ್ಯಾಯಾಧೀಶರ ಮುಂದೆ ತೋರಿಸುವ ಪುರಾವೆಯೂ ಕೈಯಲ್ಲಿರಬೇಕು. ಕೆಟ್ಟ ಭಾಷಣಕ್ಕೆ ಬೇರೆ ಕಲಂಗಳಿವೆ.

ಪುರಾವೆ ಅಂತ ಒತ್ತಿ ಹೇಳುವುದಕ್ಕೆ ಕಾರಣವಿದೆ. ಸೆಕ್ಷನ್ 3ರಡಿ ಗೆಜೆಟ್ ಅಧಿಸೂಚನೆ ಹೊರಟ 30 ದಿನದೊಳಗೆ ವಿಷಯ ನ್ಯಾಯಮಂಡಳಿಗೆ ಹೋಗಬೇಕು. ಅಲ್ಲಿ ಕೂರುವವರು ಒಬ್ಬ ಹೈಕೋರ್ಟ್ ನ್ಯಾಯಾಧೀಶರು. ಸಂಘಟನೆಗೆ ನೋಟಿಸ್ ಕೊಟ್ಟು, ವಾದ ಕೇಳಿ, ಅಧಿಸೂಚನೆಯಾದ ಆರು ತಿಂಗಳೊಳಗೆ ಅವರು ತೀರ್ಮಾನಿಸಬೇಕು. ಎತ್ತಿ ಹಿಡಿದರೆ ನಿಷೇಧ ಐದು ವರ್ಷ ನಿಲ್ಲುತ್ತದೆ. ಮೊದಲು ಎರಡೇ ವರ್ಷವಿತ್ತು. ಕಡತದಲ್ಲಿ ಹುರುಳಿಲ್ಲದಿದ್ದರೆ ಬಿದ್ದುಹೋಗುವುದು ಇಲ್ಲೇ.

ಬಾಬ್ರಿ ಮಸೀದಿ ಧ್ವಂಸದ ನಂತರ 1992ರ ಡಿಸೆಂಬರ್‌ನಲ್ಲಿ ಐದು ಸಂಘಟನೆಗಳ ಮೇಲೆ ನಿಷೇಧ ಬಿತ್ತು. 1993ರ ಜೂನ್‌ನಲ್ಲಿ ನ್ಯಾಯಮೂರ್ತಿ ಬಾಹ್ರಿ ಅವರ ನ್ಯಾಯಮಂಡಳಿ ಆರೆಸ್ಸೆಸ್ ಮತ್ತು ಬಜರಂಗದಳದ ನಿಷೇಧವನ್ನು ಒಪ್ಪಲಿಲ್ಲ, ವಿಎಚ್‌ಪಿಯದ್ದನ್ನು ಎತ್ತಿ ಹಿಡಿಯಿತು. ಆ ಐದರಲ್ಲೇ ಒಂದಾದ ಜಮಾತೆ ಇಸ್ಲಾಮಿ ಹಿಂದ್ ಮೇಲಿನ ನಿಷೇಧ 1994ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ರದ್ದಾಯಿತು. ಸರ್ಕಾರ ಮುಂದಿಟ್ಟಿದ್ದು ಗುಪ್ತಚರ ವರದಿಗಳ ಸಾರಾಂಶ ಮತ್ತು ಖುದ್ದು ಏನನ್ನೂ ಕಾಣದ ಅಧಿಕಾರಿಗಳ ಪ್ರಮಾಣಪತ್ರ. ಮಾಹಿತಿದಾರನ ಹೆಸರು ಮುಚ್ಚಿಡಬಹುದು, ಆದರೆ ಆ ಮಾಹಿತಿ ನಂಬುವಂಥದ್ದೇ ಎಂದು ನ್ಯಾಯಮಂಡಳಿಯೇ ಪರೀಕ್ಷಿಸಬೇಕು ಎಂದಿತು ಕೋರ್ಟು. 2008ರ ಆಗಸ್ಟ್ 5ರಂದು ವಿದ್ಯಾರ್ಥಿ ಸಂಘಟನೆ ಸಿಮಿಯ (ಸ್ಟೂಡೆಂಟ್ಸ್ ಇಸ್ಲಾಮಿಕ್ ಮೂವ್‌ಮೆಂಟ್ ಆಫ್ ಇಂಡಿಯಾ) ನಿಷೇಧವನ್ನೂ ನ್ಯಾಯಮಂಡಳಿ ತಳ್ಳಿಹಾಕಿತು. ಮರುದಿನವೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದರಿಂದ ನಿಷೇಧ ಉಳಿಯಿತು. ಹೀಗೆ ಅವಸರದಲ್ಲಿ ಹೊರಡಿಸಿದ ಆದೇಶ ಬಿದ್ದಾಗ ಸಂಘಟನೆಗೆ ‘ನಮ್ಮ ತಪ್ಪೇ ಇಲ್ಲ’ ಎಂದು ಹೇಳಿಕೊಂಡು ತಿರುಗಲು ದಾರಿಯಾಗುತ್ತದೆ.

ಪಿಎಫ್‌ಐ ಮೇಲಿನ 2022ರ ಸೆಪ್ಟೆಂಬರ್ 28ರ ಆದೇಶ 2023ರ ಮಾರ್ಚ್ 21ರಂದು ನ್ಯಾಯಮಂಡಳಿಯಲ್ಲಿ ನಿಂತಿತು. ಅದರಲ್ಲಿ ಎಂಟು ಅಂಗಸಂಸ್ಥೆಗಳ ಹೆಸರೂ ಇತ್ತು. ಪಿಎಫ್‌ಐ ಜೊತೆ ನಂಟಿದೆ ಎನ್ನಲಾಗುವ ರಾಜಕೀಯ ಪಕ್ಷ ಎಸ್‌ಡಿಪಿಐ ಹೇಗೆ ಉಳಿಯಿತು ಅಂತ ಕೇಳುತ್ತಾರೆ. ಅಧಿಸೂಚನೆಯಲ್ಲಿ ಹೆಸರಿಲ್ಲದ ಸಂಘಟನೆಗೆ ನಿಷೇಧ ತಗಲುವುದಿಲ್ಲ, ಅಷ್ಟೇ.

ಆದೇಶವಾದ ಮೇಲೆ ಕಚೇರಿಗೆ ಬೀಗ ಬೀಳುತ್ತದೆ, ದಕ್ಷಿಣ ಕನ್ನಡದಲ್ಲಿ ಆಗ ಆದ ಹಾಗೆ. ಸೆಕ್ಷನ್ 8ರ ಪ್ರಕಾರ ಅಧಿಸೂಚಿತ ಜಾಗದಲ್ಲಿ ಸಿಕ್ಕ ಚರಾಸ್ತಿಯ ಪಟ್ಟಿಯನ್ನು ಇಬ್ಬರು ಗೌರವಸ್ಥ ಸಾಕ್ಷಿಗಳೆದುರು ಬರೆಯಬೇಕು. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಸಲಕರಣೆ, ಬೇಸಾಯದ ಉಪಕರಣ, ದನಕರು, ದವಸ ಧಾನ್ಯ ಇವನ್ನು ಆ ಪಟ್ಟಿಯಿಂದ ಬಿಡಬೇಕೆಂದು ಕಾಯ್ದೆಯೇ ಹೇಳುತ್ತದೆ. ತಕರಾರಿದ್ದವರು 30 ದಿನದೊಳಗೆ ಜಿಲ್ಲಾ ನ್ಯಾಯಾಧೀಶರ ಬಳಿ ಹೋಗಬಹುದು. ಹಣ ತಡೆದ ಆದೇಶಕ್ಕಾದರೆ 14 ದಿನ ಮಾತ್ರ. ಈ ಗಡುವು ಗೊತ್ತಿಲ್ಲದೆ ಕಟ್ಟಡದ ಬಡ ಮಾಲೀಕರು ಸಿಕ್ಕಿಹಾಕಿಕೊಳ್ಳಬಾರದು.

ಇದೇ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಭಯೋತ್ಪಾದಕ ಸಂಘಟನೆಗಳ ಪಟ್ಟಿಯ ದಾರಿ ಬೇರೆ. ಲಷ್ಕರ್, ಎಲ್‌ಟಿಟಿಇ, ಮಾವೋವಾದಿ ಪಕ್ಷದಂಥವು ಅಲ್ಲಿವೆ. ಅಲ್ಲಿಗೆ ಸೇರಿಸಲು ನ್ಯಾಯಮಂಡಳಿಯ ಪರೀಕ್ಷೆಯೇ ಇಲ್ಲ. ಹೆಸರು ತೆಗೆಸಲು ಸೇರಿಸಿದ ಕೇಂದ್ರಕ್ಕೇ ಅರ್ಜಿ ಹಾಕಬೇಕು, ಅದು ತಳ್ಳಿಹಾಕಿದರೆ ಪುನರ್‌ಪರಿಶೀಲನಾ ಸಮಿತಿಗೆ ಹೋಗಬೇಕು. ಈ ಪಟ್ಟಿಗೆ ಸಂಬಂಧಿಸಿದ ಕೇಸಿನಲ್ಲಿ ಜಾಮೀನು ಬಹಳ ಕಷ್ಟ. ಇಲ್ಲೂ ಒಬ್ಬ ನ್ಯಾಯಾಧೀಶರು ಮೊದಲೇ ಕಡತ ನೋಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಯಾವ ನಿಷೇಧಕ್ಕೂ ಪುರಾವೆಯ ಪರೀಕ್ಷೆ ಬೇಕೆನ್ನಲು ಇನ್ನೊಂದು ಕಾರಣವಿದೆ. 2023ರ ಮಾರ್ಚ್ 24ರಂದು ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ, ಬರೀ ಸದಸ್ಯತ್ವ ಅಪರಾಧವಲ್ಲ ಎಂದಿದ್ದ 2011ರ ತೀರ್ಪನ್ನು ಬದಿಗೆ ಸರಿಸಿ, ಹಿಂಸೆಯಲ್ಲಿ ತೊಡಗದಿದ್ದರೂ ನಿಷೇಧಿತ ಸಂಘಟನೆಯ ಸದಸ್ಯನಾಗಿ ಮುಂದುವರಿಯುವುದೇ ಅಪರಾಧ ಎಂದಿದೆ. ಸೆಕ್ಷನ್ 10ರಡಿ ಅದಕ್ಕೆ ಎರಡು ವರ್ಷದವರೆಗೆ ಜೈಲು. ಮುಖಂಡರಿಗೆ ವಕೀಲರು ಸಿಗುತ್ತಾರೆ. ಬ್ಯಾನರ್ ಕಟ್ಟಿ, ಚಂದಾ ಎತ್ತಿ ಓಡಾಡಿದ ಹುಡುಗನಿಗೆ ಸದಸ್ಯತ್ವ ಬಿಟ್ಟೆ ಎಂದು ಬರವಣಿಗೆಯಲ್ಲಿ ಕೊಡಬೇಕು ಎಂದು ಹೇಳುವವರೂ ಇರುವುದಿಲ್ಲ.